ಯಾರೂ ಕೇಳದ ಚಾವಿ

ಹೋದ ಶುಕ್ರವಾರ ಸ್ಟೇಪ್ಲರ್ ಪಿನ್ನಿಗೆಂದು ಮೇಜಿನ ಡ್ರಾವರ್ ಎಳೆದೆ. ಪಿನ್ನು ಸಿಗಲಿಲ್ಲ, ಚಾವಿ ಸಿಕ್ಕಿತು. ಹಿತ್ತಾಳೆಯದು. ಕಿರುಬೆರಳಿನಷ್ಟು ಉದ್ದ, ತಲೆಯ ತೂತಿಗೊಂದು ಹಸಿರು ದಾರ. ಆರು ವರ್ಷದಿಂದ ಅದು ಅಲ್ಲೇ ಇತ್ತು. ಪಿನ್ನು ಹುಡುಕಿದಾಗೆಲ್ಲ ಅದೇ ಸಿಗುತ್ತಿತ್ತು. ಅದನ್ನೇ ಹುಡುಕಿದ್ದರೆ ಪಿನ್ನು ಸಿಗುತ್ತಿತ್ತೋ ಏನೋ, ನೋಡಿರಲಿಲ್ಲ.

ಚಾವಿಗಳು ನನಗೆ ಹೊಸವಲ್ಲ ನೋಡಿ. ಸಿಂಧನೂರಿನ ಒಂದು ಕಾಲೇಜಿನಲ್ಲಿ ನಾನು ಅಟೆಂಡರ್. ಗಂಟೆ ಹೊಡೆಯುವುದು, ಕೋಣೆ ತೆರೆಯುವುದು, ಆಟದ ದಿನ ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದು ನನ್ನ ಕೆಲಸ. ಸೊಂಟದ ಗೊಂಚಲಿನಲ್ಲಿರುವ ಚಾವಿಗಳನ್ನು ಕತ್ತಲಲ್ಲಿ ಮುಟ್ಟಿ ಯಾವುದು ಯಾವ ಕೋಣೆಯದೆಂದು ಹೇಳಬಲ್ಲೆ. ಈ ಹಿತ್ತಾಳೆಯದೊಂದು ಮಾತ್ರ ಯಾವ ಬೀಗಕ್ಕೂ ಕೂಡಲಿಲ್ಲ. ಒಮ್ಮೆ ಪ್ರಿನ್ಸಿಪಾಲರ ಅಲಮಾರಿಗೂ ಹಾಕಿ ತಿರುವುತ್ತಿದ್ದೆ, ಅವರು ಹಿಂದೆಯೇ ನಿಂತಿದ್ದರು. "ಏನ್ರೀ ಅದು?" ಎಂದರು. "ಚೆಕಿಂಗ್ ಸರ್" ಎಂದೆ. ಏನು ಚೆಕಿಂಗ್ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಅದೇ ಪ್ರಿನ್ಸಿಪಾಲರು ನನ್ನ ಮೇಜಿನ ಮೇಲೆ ಹಳೆಯ ಕಂಪ್ಯೂಟರ್ ಒಂದನ್ನು ಇಡಿಸಿದ್ದಾರೆ. ಮೈದಾನದ ಬೋರ್ಡಿಗೆ ನಾಲ್ಕು ಸಾಲು ಟೈಪ್ ಮಾಡಿ ಕೊಡಿ ಎಂದಿದ್ದಾರೆ. ಆ ನಾಲ್ಕು ಸಾಲಿಗೆ ಕೂತವನು ಇಷ್ಟು ಬರೆದಿದ್ದೇನೆ, ಬೋರ್ಡಿನದು ಇನ್ನೂ ಒಂದಕ್ಷರ ಆಗಿಲ್ಲ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನ ಕಷ್ಟ ನಿಮಗೆ ಗೊತ್ತಿರಲಾರದು. 'ಕ್ಷ' ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕಾದ್ದು ಮರೆತು, ಬೇರೆಯದೆಲ್ಲ ನೆನಪಾಗಿಬಿಡುತ್ತದೆ.

ನೆನಪಾದದ್ದು ಹುಲಿಗೆಮ್ಮ.

ಗೊರೇಬಾಳದ ಹುಡುಗಿ. ನಮ್ಮ ಕಾಲೇಜಿನ ಕಬಡ್ಡಿ ತಂಡದ ರೇಡರ್. ತೆಳ್ಳಗಿದ್ದಳು, ಆದರೆ ಎದುರು ತಂಡದವರು ಕಾಲು ಹಿಡಿದರೆ ಹಿಡಿದವರನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಿದ್ದಳು. ನಾನು ಹಾಕಿದ ಸುಣ್ಣದ ಗೆರೆ ಆಟ ಮುಗಿಯುವಷ್ಟರಲ್ಲಿ ಅವಳ ಬಟ್ಟೆ ಮೇಲೆ ಇರುತ್ತಿತ್ತು. ಅವಳ ತಾಯಿ ದುರುಗಮ್ಮ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ಒಮ್ಮೆ ಫೀ ಕಟ್ಟಲು ಬಂದವಳು ನನ್ನ ಮುಂದೆ ನಿಂತು ದೂರಿದ್ದಳು. "ನಾಟಿಗೆ ಕರದ್ರ ನಡಾ ನೋವು ಅಂತಾಳ ಯಣ್ಣ. ಕಬಡ್ಡಿ ಅಂದ್ರ ಏಳು ಮಂದಿನ್ನ ಎಳಕೊಂಡು ಬರ್ತಾಳ. ಇದ್ಯಾವ ನಡಾನೋ!"

ಬೈದಳು ಅಷ್ಟೇ. ಮಗಳ ಆಟದ ಬೂಟಿಗೆ ಹೊಸ ಲಾಡಿ ತಂದಿದ್ದಳು, ಅದನ್ನು ನನ್ನ ಕೈಗೆ ಕೊಟ್ಟು ಹೋದಳು.

ಇಲ್ಲಿ ನನ್ನದೂ ಸ್ವಲ್ಪ ಹೇಳಬೇಕು. ಕಾಲೇಜಿಗೆ ಸೇರುವ ಮೊದಲು ನಾನು ಮಾರ್ಕೆಟ್ ಯಾರ್ಡಿನಲ್ಲಿ ಭತ್ತ ಅಳೆಯುತ್ತಿದ್ದೆ. ನಮ್ಮ ಕಡೆ ಕಾಳು ಅಳೆಯುವವನು ಮೊದಲ ಅಳತೆಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾನೆ. ಲಾಭ, ಎರಡು, ಮೂರು, ನಾಲ್ಕು. ಹದಿನೈದು ವರ್ಷ ಹಾಗೆ ಎಣಿಸಿದವನ ಬಾಯಿಗೆ 'ಒಂದು' ಬರುವುದು ಕಷ್ಟ. ಕಾಲೇಜಿನಲ್ಲಿ ಗಂಟೆ ಹೊಡೆಯುವಾಗಲೂ ನಾನು ಒಳಗೊಳಗೇ ಲಾಭವೆಂದೇ ಶುರು ಮಾಡುವುದು.

ಒಂದು ದಿನ ಯಾರೋ ಡಾಕ್ಟರು ಅರ್ಧ ಮೈಯ ರಬ್ಬರ್ ಬೊಂಬೆಯೊಂದನ್ನು ತಂದರು. ಎದೆಬಡಿತ ನಿಂತವರಿಗೆ ಏನು ಮಾಡಬೇಕೆಂದು ಕಲಿಸಲು ಬಂದಿದ್ದರು. ಹುಡುಗರು ನಾಚಿಕೊಂಡು ಹಿಂದೆ ಸರಿದರು. ಪ್ರಿನ್ಸಿಪಾಲರು ನನ್ನನ್ನು ಮುಂದೆ ತಳ್ಳಿದರು. ನಾನು ಮಂಡಿಯೂರಿ, ಬೊಂಬೆಯ ಎದೆಯ ನಡುವೆ ಎರಡೂ ಕೈ ಕೂಡಿಸಿ ಇಟ್ಟು, "ಲಾಭ, ಎರಡು, ಮೂರು" ಎಂದು ಒತ್ತತೊಡಗಿದೆ. ಕೂತವರೆಲ್ಲ ನಕ್ಕರು. ಮುಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಹುಲಿಗೆಮ್ಮ. "ಕಾಕಾ, ಅದು ಮನಶಾರ ಎದಿ ರೀ, ಭತ್ತದ ಚೀಲ ಅಂತ ತಿಳದೀರೇನು?" ಎಂದಳು. ಡಾಕ್ಟರು ಮಾತ್ರ ನಗಲಿಲ್ಲ. "ಏನಾದರೂ ಎಣಿಸಿ, ಜೋರಾಗಿ ಒತ್ತಿ, ನಿಲ್ಲಿಸಬೇಡಿ" ಎಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು. ಎದೆ ನಿಂತವರು ಮೊದಲು ಫಿಟ್ಸ್ ಬಂದವರಂತೆ ಕೈಕಾಲು ಜಾಡಿಸಬಹುದು, ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆಯಬಹುದು. ಅದನ್ನು ಉಸಿರು ಎಂದು ತಿಳಿಯಬೇಡಿ.

ಮಧ್ಯಾಹ್ನ ಉಪ್ಪಿಟ್ಟು ಕೊಟ್ಟರು. ನನಗೆ ಅದೇ ಹೆಚ್ಚು ನೆನಪಿತ್ತು, ಸುಳ್ಳೇಕೆ ಹೇಳಲಿ.

ಮೂರು ತಿಂಗಳಾಗಿರಬೇಕು. ಮಸ್ಕಿಯಲ್ಲಿ ಕಾಲೇಜುಗಳ ಕಬಡ್ಡಿ. ಸುಣ್ಣದ ಬಕೆಟ್ಟು ಹಿಡಿದುಕೊಂಡು ನಾನೂ ತಂಡದ ಜೊತೆ ಹೋಗಿದ್ದೆ. ಅಂಗಳದ ಧೂಳಿಗೆ ನೀರು ಹೊಡೆಯಲು ಟ್ರ್ಯಾಕ್ಟರಿನಲ್ಲಿ ಟ್ಯಾಂಕರ್ ಬಂದಿತ್ತು. ನೀರು ಹೊಡೆದಾದ ಮೇಲೆ ಡ್ರೈವರ್ ಅದನ್ನು ಗೇಟಿನ ನಡುವೆಯೇ ನಿಲ್ಲಿಸಿ, ಟ್ಯಾಂಕರಿನ ಮೇಲೆ ಹತ್ತಿ ಕೂತು ಆಟ ನೋಡುತ್ತಿದ್ದ. ಅದಕ್ಕಿಂತ ಒಳ್ಳೆಯ ಜಾಗ ಇಡೀ ಮೈದಾನದಲ್ಲಿ ಇರಲಿಲ್ಲ. ದುರುಗಮ್ಮ ಅವತ್ತು ಮನೆಗೆ ಬೀಗ ಹಾಕಿ, ಮೊದಲ ಸಲ ಮಗಳ ಆಟ ನೋಡಲು ಬಂದಿದ್ದಳು. ಹುಡುಗಿಯರು ಚಡ್ಡಿ ಹಾಕಿಕೊಂಡು ಆಡುತ್ತಾರೆಂದು ಸೆರಗು ಬಾಯಿಗೆ ಹಿಡಿದು ಕೂತವಳು, ಎರಡನೇ ರೇಡಿಗೆ ಎದ್ದು ನಿಂತಿದ್ದಳು, ಮೂರನೆಯದಕ್ಕೆ "ಎಳಿ ಬೇ! ಎಳಿ!" ಎಂದು ಕೂಗುತ್ತಿದ್ದಳು.

ಹುಲಿಗೆಮ್ಮ ಇಬ್ಬರನ್ನು ಮುಟ್ಟಿ ಓಡಿ ಬಂದಳು. ಯಾರೂ ಅವಳನ್ನು ಹಿಡಿದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಗೆರೆ ದಾಟಿ, ತಾಯಿ ಕಡೆ ತಿರುಗಿ ನಕ್ಕಳು. ಹಾಗೇ, ಗೋಡೆಗೆ ಒರಗಿಸಿದ ಚೀಲ ಜಾರಿದಂತೆ, ಕೆಳಗೆ ಬಿದ್ದಳು. ಕೈಕಾಲು ಜಾಡಿಸತೊಡಗಿದವು.

"ಫಿಟ್ಸ್ ಬಂದಾವ್ರಲೇ! ಚಾವಿ ಕೊಡ್ರಿ, ಚಾವಿ!"

ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಹುಟ್ಟಿನಿಂದ ಗೊತ್ತಿರುವ ವೈದ್ಯ. ಕುಡಗೋಲು, ಕೊಡಲಿ ಈಗ ಯಾರ ಹತ್ತಿರ ಇರುತ್ತವೆ? ಬೈಕಿನ ಚಾವಿ ಎಲ್ಲರ ಜೇಬಿನಲ್ಲೂ ಇರುತ್ತದೆ. ಮಸ್ಕಿಯ ಮಂದಿ ಬಹಳ ಧಾರಾಳಿಗಳು. ನಾಲ್ಕೂ ಕಡೆಯಿಂದ ಕೈಗಳು ಬಂದವು. ಬೈಕಿನದು, ಆಟೋದ್ದು, ಅಂಗಡಿ ಶೆಟರಿನದು. ಟ್ಯಾಂಕರಿನ ಮೇಲಿನಿಂದ ಡ್ರೈವರ್ ಜಿಗಿದು ಬಂದು ಟ್ರ್ಯಾಕ್ಟರಿನದನ್ನೂ ಇಟ್ಟ. ಅವಳ ಮುಷ್ಟಿಯಲ್ಲಿ ಹಿಡಿಸದೆ ಹೊಟ್ಟೆಯ ಮೇಲೂ ಬಿದ್ದವು. ಮಿರ್ಚಿ ಬಂಡಿಯವನು ಮೂಗಿಗೆ ಹಿಡಿಯಲೆಂದು ಉಳ್ಳಾಗಡ್ಡಿ ತಂದ. ಗಿರಾಕಿಗೆಂದು ಹೆಚ್ಚಿದ್ದು, ಮೇಲೆ ಖಾರದಪುಡಿ ಉದುರಿಸಿದ್ದು ಹಾಗೇ ಇತ್ತು.

ನೋಡುತ್ತಿದ್ದಂತೆ ಮುಷ್ಟಿ ಸಡಿಲವಾಯಿತು. ಚಾವಿಗಳೆಲ್ಲ ಮಣ್ಣಿಗೆ ಜಾರಿದವು. ಕೈಕಾಲು ಜಾಡಿಸುವುದು ನಿಂತಿತು.

"ನಿಂತ್ವು! ಫಿಟ್ಸ್ ನಿಂತ್ವು ನೋಡ್ರಿ!" ಎಂದು ಯಾರೋ ಖುಷಿಯಿಂದ ಕೂಗಿದರು. "ಉಸಿರಾಡಾಕತ್ತಾಳ!"

ಅವಳ ಬಾಯಿ ಮೀನಿನಂತೆ ಒಮ್ಮೆ ತೆರೆಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ.

ನನಗೆ ಗೊತ್ತಾಯಿತು. "ನೂರಾ ಎಂಟಕ್ಕ ಫೋನ್ ಹಚ್ಚ್ರಿ!" ಎಂದು ಕೂಗಿದೆ, ಮಂಡಿಯೂರಿದೆ, ಎರಡೂ ಕೈ ಚಾಚಿದೆ. ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಬೊಂಬೆಗೆ ಯಾವ ಮುಜುಗರವೂ ಇರಲಿಲ್ಲ. ಇವಳು ವಯಸ್ಸಿನ ಹುಡುಗಿ, ಸುತ್ತ ಇಷ್ಟು ಗಂಡಸರು, ನಾನು ಅಟೆಂಡರ್. ಎದೆಯ ಮೇಲೆ ಕೈ ಇಟ್ಟರೆ ನಾಳೆ ಏನಂದಾರು? ಹೆಂಗಸರು ಯಾರಾದರೂ ಬರಲಿ ಎಂದು ತಲೆ ಎತ್ತಿ ನೋಡಿದೆ. ಎಷ್ಟು ಹೊತ್ತು ಹಾಗಿದ್ದೆನೋ. ಐದು ಎಣಿಸುವಷ್ಟು ಇರಬಹುದು, ಹತ್ತು ಇರಬಹುದು. ಆ ಎಣಿಕೆಯೊಂದು ನನಗೆ ಇನ್ನೂ ಸರಿಯಾಗಿ ಸಿಕ್ಕಿಲ್ಲ.

ನೆತ್ತಿಯ ಮೇಲೆ ದುರುಗಮ್ಮನ ಧ್ವನಿ ಸಿಡಿಯಿತು. "ಯಣ್ಣ, ಏನ್ ನೋಡಾಕತ್ತಿ! ಬರೋದಿದ್ರ ಮಾಡು!"

ಲಾಭ, ಎರಡು, ಮೂರು, ನಾಲ್ಕು.

ಈ ಸಲ ಯಾರೂ ನಗಲಿಲ್ಲ. ಮೂವತ್ತಾದ ಮೇಲೆ ಮತ್ತೆ ಲಾಭ. ಬೆವರು ಕಣ್ಣಿಗೆ ಇಳಿಯಿತು. ನನ್ನ ತೋಳು ಸೋತಾಗ ನಮ್ಮ ತಂಡದ ಹುಡುಗಿಯೊಬ್ಬಳು, ಆ ದಿನ ಬೊಂಬೆಯ ಮುಂದೆ ನಕ್ಕವಳೇ, ಅಳುತ್ತ ಪಕ್ಕಕ್ಕೆ ಕೂತು ಒತ್ತತೊಡಗಿದಳು. ಅವಳೂ ಲಾಭವೆಂದೇ ಎಣಿಸಿದಳು.

ಅಂಬ್ಯುಲೆನ್ಸ್ ಬೇಗನೇ ಬಂತು. ಬಂದದ್ದು ಗೇಟಿನ ಹೊರಗೆ. ಗೇಟಿನ ನಡುವೆ ಟ್ರ್ಯಾಕ್ಟರ್. ಟ್ರ್ಯಾಕ್ಟರಿನ ಚಾವಿ ಮಣ್ಣಿನಲ್ಲಿ, ಮೂವತ್ತು ನಲವತ್ತು ಚಾವಿಗಳ ನಡುವೆ. ಡ್ರೈವರ್ ನನ್ನ ಪಕ್ಕದಲ್ಲೇ ಮಂಡಿಯೂರಿ ಎರಡೂ ಕೈಯಿಂದ ಬಾಚಿ ಹುಡುಕುತ್ತಿದ್ದ.

"ನಂದು ಕರೇ ರಬ್ಬರಿಂದಲೇ!"

"ಎಲ್ಲಾವೂ ಕರೇ ರಬ್ಬರಿನವ ಅದಾವಲೇ, ಮಂಗ್ಯಾ!"

ಹೊರಗೆ ಸೈರನ್ನು, ಒಳಗೆ ಇದು. ಕೊನೆಗೆ ಅಂಬ್ಯುಲೆನ್ಸಿನ ಹುಡುಗ ಗೋಡೆ ಹಾರಿದ. ಕಂಕುಳಲ್ಲಿ ಒಂದು ಪೆಟ್ಟಿಗೆ. ಅವಳ ಎದೆಗೆ ಎರಡು ಪಟ್ಟಿ ಅಂಟಿಸಿದ. ಪೆಟ್ಟಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿತು. ಮಂದಿ ಅದು ಇನ್ನೇನು ಹೇಳುತ್ತದೋ ಎಂದು ಬಗ್ಗಿ ಬಗ್ಗಿ ಕೇಳುತ್ತಿದ್ದರು. "ದೂರ ಸರೀರಿ ಅಂತೈತಿ!" ಎಂದು ಅವನು ಒದರಿದ. ಕರೆಂಟಿನ ಏಟಿಗೆ ಹುಲಿಗೆಮ್ಮನ ಮೈ ಒಮ್ಮೆ ಕುಲುಕಿತು. ಮತ್ತೆ ಒತ್ತಿದೆವು. ನಾನು ಇಪ್ಪತ್ತೆರಡಕ್ಕೆ ಬಂದಿದ್ದೆ, ಅವಳ ಕೈ ಎದ್ದು ನನ್ನ ಮಣಿಕಟ್ಟನ್ನು ತಳ್ಳಿತು.

ರೇಡಿನಲ್ಲಿ ಹಿಡಿಯಲು ಬಂದವರ ಕೈಯನ್ನು ತಳ್ಳುವ ಹಾಗೆಯೇ ತಳ್ಳಿತು ಅನ್ನಿಸಿತು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ. ಸುಣ್ಣದ ಪುಡಿ ಕಣ್ಣಿಗೆ ಹೋಗಿದೆ ಎಂದು ಎಲ್ಲರಿಗೂ ಹೇಳಿದೆ.

ಟ್ರ್ಯಾಕ್ಟರಿನ ಚಾವಿ ಕೊನೆಗೂ ಸಿಕ್ಕು ಗೇಟು ತೆರವಾಯಿತು, ತಾಯಿ ಮಗಳು ಅಂಬ್ಯುಲೆನ್ಸಿನಲ್ಲಿ ಹೋದರು. ಚಾವಿಗಳು ನನ್ನ ಪಾಲಿಗೆ ಬಂದವು. ಗಾಬರಿಯಲ್ಲಿ ನಾನು ಎಲ್ಲವನ್ನೂ ಸುಣ್ಣದ ಬಕೆಟ್ಟಿಗೆ ಬಾಚಿಕೊಂಡು ಸಿಂಧನೂರಿಗೆ ಬಂದುಬಿಟ್ಟಿದ್ದೆ. ಮಾರನೇ ದಿನ ಮಸ್ಕಿಯ ಅರ್ಧ ಊರು ಬಸ್ಸು ಹತ್ತಿ ನನ್ನ ಬಾಗಿಲಿಗೆ ಬಂತು. ಯಾರೂ ಬೈಯಲಿಲ್ಲ. "ಹುಡುಗಿ ಹೆಂಗದಾಳ?" ಎಂದು ಮೊದಲು ಕೇಳಿ, ಆಮೇಲೆ "ನನ್ನ ಬೈಕಿನ ಬ್ಯಾಟರಿ ರಾತ್ರಿ ಯಾರೋ ಬಿಚ್ಚಿಕೊಂಡು ಹೋಗ್ಯಾರ, ಚಾವಿನಾದ್ರೂ ಕೊಡ್ರಿ" ಎನ್ನುತ್ತಿದ್ದರು. ಒಂದು ವಾರದಲ್ಲಿ ಬಕೆಟ್ಟು ಖಾಲಿಯಾಯಿತು. ಹಸಿರು ದಾರದ ಹಿತ್ತಾಳೆ ಚಾವಿ ಮಾತ್ರ ತಳದಲ್ಲಿ ಉಳಿಯಿತು. ಯಾವುದೋ ಅಂಗಡಿಯದು ಇರಬೇಕು, ಇಲ್ಲವೇ ನಮ್ಮ ಕಾಲೇಜಿನದೇ ಸೇರಿಕೊಂಡಿರಬೇಕು ಎಂದು ಡ್ರಾವರಿಗೆ ಹಾಕಿದೆ.

ಮಸ್ಕಿಯಿಂದ ರಾಯಚೂರು, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆ. ಹುಟ್ಟಿನಿಂದಲೇ ಹುಲಿಗೆಮ್ಮನ ಹೃದಯದ ಗೋಡೆ ದಪ್ಪವಂತೆ. ಜೋರಾಗಿ ಓಡಿದಾಗ ಅದು ತಾಳ ತಪ್ಪಬಹುದಂತೆ. ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಎಡ ಭುಜದ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರವೊಂದನ್ನು ಇಟ್ಟರು. ಮತ್ತೆ ತಾಳ ತಪ್ಪಿದರೆ ಒಳಗಿನಿಂದಲೇ ಒಂದು ಏಟು ಕೊಟ್ಟು ಸರಿಮಾಡುತ್ತದೆ. ಮನೆಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು ಎಂದರಂತೆ. "ನಂದು ಎಮ್ಮಿ ಎದಿ, ಏನಾಕೈತಿ?" ಎಂದು ದುರುಗಮ್ಮ ವಾದ ಮಾಡಿದಳು, ಮಗಳು ಬೈದ ಮೇಲೆ ಮಾಡಿಸಿಕೊಂಡಳು. ಎಮ್ಮೆ ಎದೆಯೇ, ಏನೂ ಇರಲಿಲ್ಲ. ಮಗಳಿಗೆ ಕಬಡ್ಡಿ ಮಾತ್ರ ಇನ್ನು ಬೇಡ ಎಂದರು.

ತಿಂಗಳಾದ ಮೇಲೆ ಊರಿಗೆ ಬಂದರು. ನಾನು ನೋಟ್ಸು ತೆಗೆದುಕೊಂಡು ಮೊಪೆಡ್ಡಿನಲ್ಲಿ ಗೊರೇಬಾಳಕ್ಕೆ ಹೋದಾಗ ಮನೆ ಬಾಗಿಲಿನ ಕೊಂಡಿ ಕಿತ್ತುಹೋಗಿತ್ತು. ಹಗ್ಗದಿಂದ ಕಟ್ಟಿದ್ದರು. ಯಾಕೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಒಳಗೆ ಹುಲಿಗೆಮ್ಮ ಗಾಜಿನ ಬಳೆ ಡಬ್ಬಿಯಂತೆ ಕೂತಿದ್ದಳು. ಯಾರೂ ಹತ್ತಿರ ಬರುತ್ತಿರಲಿಲ್ಲ. ಆಕೆಯನ್ನು ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ ಎಂದು ಓಣಿಯ ಮಕ್ಕಳಲ್ಲಿ ಸುದ್ದಿ. ಒಂದು ಮಗು ದೂರದಿಂದ ಕೋಲಿನಿಂದ ಮುಟ್ಟಿ ನೋಡಿತ್ತಂತೆ. ಕೊಡ ಎತ್ತಿದರೆ ತಾಯಿ ಕಸಿದುಕೊಳ್ಳುತ್ತಿದ್ದಳು. ಕೆಮ್ಮಿದರೆ ಓಡಿ ಬರುತ್ತಿದ್ದಳು.

"ಕಾಕಾ, ಸತ್ತಿದ್ರ ಒಮ್ಮಿ ಅಳ್ತಿದ್ಲು. ಈಗ ದಿನಾ ಅಳಾಕತ್ತಾಳ" ಎಂದಳು ಹುಲಿಗೆಮ್ಮ. ನಗಿಸಲು ಹೇಳಿದ್ದು. ತಾಯಿ ನಗಲಿಲ್ಲ.

ಇನ್ನೊಂದು ತೊಂದರೆ ಇತ್ತು, ಅದನ್ನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಮಾತುಗಳು ಮರೆತು ಹೋಗುತ್ತಿದ್ದವು. ಚಮಚ ಕಣ್ಣ ಮುಂದಿದ್ದರೂ ಅದರ ಹೆಸರು ಬರುತ್ತಿರಲಿಲ್ಲ. ಮಗ್ಗಿಯಲ್ಲಿ ಏಳು ಎಂಟಕ್ಕೆ ನಿಂತುಬಿಡುತ್ತಿದ್ದಳು. ದಿನ ಕಳೆದಂತೆ ಸುಧಾರಿಸುತ್ತದೆ, ಓದಿಸಿ, ಬರೆಸಿ ಎಂದು ಡಾಕ್ಟರು ಹೇಳಿದ್ದರು. ನನಗೋ ಹತ್ತನೇ ತರಗತಿ ಪಾಸಾಗದೆ ಇಂಗ್ಲಿಷು, ಗಣಿತ ಎರಡೂ ಉಳಿದಿದ್ದವು. ನಲವತ್ತು ದಾಟಿದ್ದೆ. ಇಬ್ಬರಿಗೂ ಒಂದೇ ಔಷಧ ಸಾಕಾಯಿತು. ಕಾಲೇಜಿಗೆ ರಜೆಯಲ್ಲವೇ, ಪ್ರತಿ ಐತಾರ ನಾನು ಹೋಗುವುದು, ಅವಳು ನನಗೆ ಕಲಿಸುವುದು. ಅವಳು ತಪ್ಪು ಹೇಳಿಕೊಟ್ಟರೆ ನನಗೆ ತಿಳಿಯುತ್ತಿರಲಿಲ್ಲ, ನಾನು ತಪ್ಪು ಬರೆದರೆ ಅವಳಿಗೆ ನೆನಪಿರುತ್ತಿರಲಿಲ್ಲ. ಹಾಗಾಗಿ ಇಬ್ಬರಿಗೂ ಬಹಳ ದಿನ ನೂರಕ್ಕೆ ನೂರು ಬರುತ್ತಿತ್ತು. ಒಂದು ಐತಾರ ಅವಳು ನನ್ನ ನೋಟುಪುಸ್ತಕದಲ್ಲಿ ಮೂರು ತಪ್ಪು ಹಿಡಿದಳು. ದುರುಗಮ್ಮ ಆವತ್ತು ಹೋಳಿಗೆ ಮಾಡಿದಳು. ತಪ್ಪು ಮಾಡಿದ್ದಕ್ಕೆ ಹೋಳಿಗೆ ತಿಂದವನು ನಾನೊಬ್ಬನೇ ಇರಬೇಕು.

ಪಾಠ ಮುಗಿದ ಮೇಲೆ ಕಾಲುವೆ ದಂಡೆಯ ಮೇಲೆ ನಡೆಯುತ್ತಿದ್ದೆವು. ಡಾಕ್ಟರು ನಡೆಯಲು ಹೇಳಿದ್ದರು. ದುರುಗಮ್ಮ ಹತ್ತು ಹೆಜ್ಜೆ ಹಿಂದೆ. ಹುಲಿಗೆಮ್ಮ ಗೊಣಗುತ್ತ ನಡೆಯುತ್ತಿದ್ದಳು. ಏನೋ ದೇವರ ನಾಮ ಇರಬೇಕು ಎಂದು ತಾಯಿ ತಿಳಿದಿದ್ದಳು. ನಾನು ಪಕ್ಕದಲ್ಲಿದ್ದೆನಲ್ಲ, ಅದು ಕಬಡ್ಡಿ ಕಬಡ್ಡಿ ಕಬಡ್ಡಿ.

ಎರಡನೇ ಪ್ರಯತ್ನಕ್ಕೆ ನಾನು ಪಾಸಾದೆ. ಅವಳು ಡಿಗ್ರಿ ಮುಗಿಸಿದಳು. ಮುಂದೆ ಒಂದು ದಿನ ಕಾಲೇಜಿಗೆ ಬಂದು, "ಕಾಕಾ, ಆಡಾಕ ಬ್ಯಾಡ ಅಂದಾರ. ಆಡೋರನ್ನ ಆಡ್ಸಾಕ ಬ್ಯಾಡ ಅಂದಿಲ್ಲಲ್ಲ?" ಎಂದಳು. ರೆಫರಿ ಪರೀಕ್ಷೆ ಕಟ್ಟುತ್ತೇನೆ ಎಂದಳು. ಡಾಕ್ಟರು ಹೂಂ ಎಂದರು, ಓಡುವುದು ಮಿತಿಯಲ್ಲಿರಲಿ, ತಪಾಸಣೆ ತಪ್ಪಿಸಬೇಡ ಎಂದರು. ತಾಯಿ ಊಹೂಂ ಎಂದಳು, ಮೂರು ವರ್ಷ ಊಹೂಂ ಎಂದಳು. ಕೊನೆಗೆ ಹೋದ ವರ್ಷ ಒಪ್ಪಿದಳು. ಪರೀಕ್ಷೆ ಲಿಂಗಸುಗೂರಿನಲ್ಲಿ. ನಾನೇ ಜೊತೆಗೆ ಹೋದೆ. ಬಸ್ಸು ಮಸ್ಕಿ ದಾಟುವಾಗ ಹುಲಿಗೆಮ್ಮ ಆ ಮೈದಾನದ ಕಡೆಯ ಕಿಟಕಿ ಬಿಟ್ಟು ಈ ಕಡೆ ನೋಡುತ್ತ ಕೂತಳು. ಬರುವಾಗ, ಪಾಸಾಗಿದ್ದಳಲ್ಲ, ಆ ಕಡೆಯ ಕಿಟಕಿಗೇ ಕೂತಳು.

ಅವಳು ಮೊದಲ ಸಲ ಸೀಟಿ ಊದಬೇಕಾದ ಆಟ ಈ ಹೋದ ಐತಾರ ಇತ್ತು. ಊರು ಮಸ್ಕಿ, ಮೈದಾನವೂ ಅದೇ. ಶುಕ್ರವಾರ ಕೈಗೆ ಸಿಕ್ಕ ಚಾವಿಯನ್ನು ನಾನು ಜೇಬಿಗೆ ಹಾಕಿಕೊಂಡೆ. ಅಲ್ಲಿಂದ ಬಂದದ್ದು, ಅಲ್ಲೇ ಗೇಟಿನ ಮೊಳೆಗೆ ತೂಗಿಹಾಕಿ ಬರೋಣ, ಯಾರದೋ ಅವರು ಒಯ್ಯಲಿ ಎಂದುಕೊಂಡೆ.

ದುರುಗಮ್ಮ ಬರುವುದಿಲ್ಲ ಎಂದಿದ್ದಳು. ಬಂದಳು. ನನ್ನ ಪಕ್ಕ ಕೂತು ಮೊದಲು ಕೇಳಿದ್ದು, "ಯಣ್ಣ, ಗೇಟಿಗೆ ಟ್ರ್ಯಾಕ್ಟರ್ ನಿಲ್ಸ್ಯಾರೇನು ನೋಡಿ ಬಾ." ಕೂತಲ್ಲಿಂದಲೇ ಗೇಟಿನ ಕಡೆ ನೋಡಿದೆ, ನಿಲ್ಲಿಸಿರಲಿಲ್ಲ. ನಾನು ಹಾಗೇ ಮೊಳೆ ಎಲ್ಲಿದೆ ಎಂದು ನೋಡುತ್ತ ಜೇಬಿನಿಂದ ಚಾವಿ ತೆಗೆದೆ. ಅವಳು ನನ್ನ ಕೈ ನೋಡಿದಳು. ಹಸಿರು ದಾರವನ್ನು ಬೆರಳಿನಿಂದ ಮುಟ್ಟಿದಳು.

"ಅದು ನಂದು."

"ನಿಂದಾ? ಆರು ವರ್ಷ ಆತಲ್ಲ ಯಕ್ಕ, ಒಂದು ಮಾತು ಕೇಳಬಾರದಾ?"

"ಹೆಂಗ ಕೇಳ್ಲಿ? ಎಲ್ಲಾರೂ ಕಬ್ಬಣದ್ದು ಇಟ್ರು. ನನ್ನ ಸೆರಗಿನ್ಯಾಗ ಇದ್ದದ್ದು ಮನಿ ಚಾವಿ, ಹಿತ್ತಾಳಿದು. ನಾ ಇಟ್ಟೆ ಅಷ್ಟ, ಆಕಿ ಮುಷ್ಟಿ ಬಿಟ್ಟುಬಿಟ್ಲು." ಅವಳು ತನ್ನ ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಿದಳು. "ಕಬ್ಬಣದಾಗ ಹಿತ್ತಾಳಿ ಕೂಡಿಸಿ ನಾನ ಕೆಡಿಸಿದೆ ಅಂತ ಅನ್ಕೊಂಡೀನಿ. ಯಾರಿಗೂ ಹೇಳಿಲ್ಲ. ಆಕಿಗೂ ಹೇಳಿಲ್ಲ."

ನನಗೆ ನಗು ಬರಲಿಲ್ಲ. "ಯಕ್ಕ, ಅವತ್ತು ಬಂಗಾರದ ಚಾವಿ ಇಟ್ಟಿದ್ರೂ ಮುಷ್ಟಿ ಬಿಡ್ತಿತ್ತು. ಎದಿ ನಿಂತಿತ್ತು. ಕಬ್ಬಣಾನೂ ಏನೂ ಮಾಡಲಿಲ್ಲ, ಹಿತ್ತಾಳಿನೂ ಏನೂ ಮಾಡಲಿಲ್ಲ. ತಪ್ಪು ಮಾಡಿದ್ರ ನಾ ಮಾಡೀನಿ. ಗೊತ್ತಾದ ಮ್ಯಾಲೂ ಕೈ ಚಾಚಿ ಸುಮ್ನ ಕುಂತಿದ್ದೆ, ಮಂದಿ ಏನಂತಾರ ಅಂತ."

"ಗೊತ್ತೈತಿ" ಎಂದಳು ದುರುಗಮ್ಮ. "ಅದಕ್ಕ ಒದರಿದೆ."

ಆರು ವರ್ಷ ನಾನು ಮುಚ್ಚಿಟ್ಟುಕೊಂಡಿದ್ದದ್ದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೇ ಹೋಳಿಗೆ ಬಡಿಸಿದ್ದಳು.

ಅಷ್ಟರಲ್ಲಿ ಸೀಟಿ ಕೇಳಿತು. ಹುಲಿಗೆಮ್ಮ ಬಿಳಿ ಅಂಗಿ ಹಾಕಿಕೊಂಡು ಗೆರೆಯ ಪಕ್ಕ ನಿಂತು ಕೈ ಎತ್ತಿದ್ದಳು. ದುರುಗಮ್ಮ ನನ್ನ ಕೈಯಿಂದ ಚಾವಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದಳು. ಆಟ ಮುಗಿಯುವ ತನಕ ಬಿಡಲಿಲ್ಲ. ನಡುವೆ ಒಬ್ಬ ರೇಡರ್ ತಾನು ಔಟಾಗಿಲ್ಲ ಎಂದು ಜಗಳ ತೆಗೆದಾಗ ಮಾತ್ರ ಅದೇ ಮುಷ್ಟಿ ಎತ್ತಿ, "ರೆಫರಿ ಹೇಳ್ಯಾಳಲ್ಲೋ, ಹೊರಗ ಹೋಗು!" ಎಂದು ಕೂಗಿದಳು. ಮುಗಿದ ಮೇಲೆ ಅಂಗೈಯಲ್ಲಿ ಚಾವಿಯ ಹಲ್ಲು ಮೂಡಿತ್ತು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಗ ಹೇಳಿದಳು, ಆಸ್ಪತ್ರೆಯಿಂದ ಬಂದಾಗ ಚಾವಿ ಇಲ್ಲದೆ ಬಾಗಿಲಿನ ಕೊಂಡಿ ಮೀಟಿ ಒಳಗೆ ಹೋದರಂತೆ. ಬೀಗ ತೆರೆಯದೆ ಹಾಗೇ ಉಳಿಯಿತು, ಮುರಿದ ಕೊಂಡಿಯ ಸಮೇತ ಗೋಡೆಯ ಗೂಡಿನಲ್ಲಿ ಬಿದ್ದಿದೆಯಂತೆ.

ಈಗ ಬೋರ್ಡಿನ ನಾಲ್ಕು ಸಾಲು ಆಯಿತು ನೋಡಿ. ಆಟಗಾರರು ತಟ್ಟನೆ ಬಿದ್ದರೆ ನೂರಾ ಎಂಟಕ್ಕೆ ಫೋನ್ ಮಾಡಿ. ಉಸಿರು ಸರಿ ಇಲ್ಲದಿದ್ದರೆ ಎದೆಯ ನಡುವೆ ಜೋರಾಗಿ ಒತ್ತಿ, ಹೆಣ್ಣು ಗಂಡು ನೋಡಬೇಡಿ. ಚಾವಿಗಳು ನಿಮ್ಮ ಜೇಬಿನಲ್ಲೇ ಇರಲಿ. ಗೇಟಿಗೆ ವಾಹನ ನಿಲ್ಲಿಸಬೇಡಿ. ಪ್ರಿನ್ಸಿಪಾಲರು ಮೂರನೆಯ ಸಾಲು ಯಾಕೆ ಎಂದು ಕೇಳುತ್ತಾರೆ. ಈ ಪುಟಗಳನ್ನು ಕೊಟ್ಟುಬಿಡುತ್ತೇನೆ.

ಪಿನ್ನು ಹಾಕೋಣವೆಂದು ಡ್ರಾವರ್ ಎಳೆದೆ. ಚಾವಿಯೂ ಇಲ್ಲ, ಪಿನ್ನೂ ಇಲ್ಲ. ಫೋನು ಬಂತು. ದುರುಗಮ್ಮ.

"ಯಣ್ಣ, ಬೀಗ ತಗೀತು! ಒಂದೀಟು ಕೊಬ್ರಿ ಎಣ್ಣಿ ಬಿಟ್ಟೆ, ಗೊರ್ ಅಂತು, ತಗೀತು."

"ಹೊಸಾ ಬೀಗ ಐತಲ್ಲ ಯಕ್ಕ. ಹಳೇದು ತಗದು ಏನ್ ಮಾಡ್ತಿ?"

"ಹೊಸಾದು ತಗಡಿಂದು. ಮುಂದಿನ ಐತಾರ ಆಕಿದು ಲಿಂಗಸುಗೂರಾಗ ಮ್ಯಾಚ್ ಐತಿ. ನಾನೂ ಅಷ್ಟು ದೂರ ಹೋಗಾಕಿ, ಬಾಗಲಿಗೆ ಗಟ್ಟಿ ಬೀಗ ಬ್ಯಾಡೇನು?"